ಹರೆಯದ ರೋಗಕ್ಕೆ ಹೆಸರಿಟ್ಟ ವೈದ್ಯ ಎಮಿಲ್ ಕ್ರೇಪೆಲಿನ್

ಬ್ರಿಟಿಷ್ ಆಡಳಿತವು ಧಾರವಾಡದಲ್ಲಿ ಮನೋರೋಗಿಗಳಿಗಾಗಿ ಆಶ್ರಯಾಲಯವೊಂದನ್ನು ತೆರೆದದ್ದು 1845ರಲ್ಲಿ. ಅದಾದ 11 ವರ್ಷಗಳಿಗೆ, 1856ರ ಫೆಬ್ರುವರಿ 15ರಂದು, ಇಂದಿನ ಜರ್ಮನಿಯ ಉತ್ತರಕ್ಕಿರುವ ನಾಯ್‌ಸ್ಟ್ರೆಲಿಟ್ಸ್ ಎಂಬ ಪುಟ್ಟ ಊರಿನಲ್ಲಿ ಎಮಿಲ್ ಕ್ರೇಪೆಲಿನ್ ಜನಿಸಿದರು. ಅವರು ಧಾರವಾಡವನ್ನು ಕಂಡವರಲ್ಲ. ಆದರೆ ಆ ಹಳೆಯ ಆಶ್ರಯಾಲಯದಿಂದಲೇ ಬೆಳೆದ ಇಂದಿನ ಡಿಮ್ಹಾನ್ಸ್‌ನಲ್ಲಿ, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ, ವೈದ್ಯರು ಹರೆಯದ ರೋಗಿಯ ಚೀಟಿಯ ಮೇಲೆ ರೋಗದ ಹೆಸರು ಬರೆಯುವಾಗ ಅನುಸರಿಸುವ ವಿಂಗಡಣೆಯ ಬೇರು ಇರುವುದು ಆ ಜರ್ಮನ್ ವೈದ್ಯರ ಟಿಪ್ಪಣಿ ಕಾರ್ಡುಗಳಲ್ಲಿ.

ಇಂದು ಸ್ಕಿಜೋಫ್ರೀನಿಯಾ ಅಥವಾ ಚಿತ್ತವಿಕಲತೆ ಎಂದು ಕರೆಯಲಾಗುವ ರೋಗವನ್ನು ಉಳಿದ ಮನೋರೋಗಗಳಿಂದ ಬೇರ್ಪಡಿಸಿ ಅದಕ್ಕೊಂದು ರೂಪ ಕೊಟ್ಟವರು ಕ್ರೇಪೆಲಿನ್. ಈ ರೋಗದ ತಿರುಳು ಇಲ್ಲದ ದನಿಗಳು ಕೇಳಿಸುವುದರಲ್ಲಿ ಇಲ್ಲ, ಗಮನ, ಆಲೋಚನೆ ಮತ್ತು ಸಂಕಲ್ಪ ಶಕ್ತಿ ಕುಂದುವುದರಲ್ಲಿದೆ ಎಂದು ಗುರುತಿಸಿದವರೂ ಅವರೇ. ಅದೇ ವೇಳೆ, ಹರೆಯದಲ್ಲಿ ಈ ರೋಗ ಹಿಡಿದವರ ಬುದ್ಧಿ ಮತ್ತೆ ಚಿಗುರುವುದು ಅಪರೂಪ ಎಂಬ ನಂಬಿಕೆಗೆ ಶಾಸ್ತ್ರದ ಮುದ್ರೆ ಒತ್ತಿದ್ದೂ ಅವರೇ. ಮೊದಲಿನ ಮಾತು ನೂರು ವರ್ಷಗಳ ಪರೀಕ್ಷೆಯಲ್ಲಿ ಉಳಿಯಿತು. ಎರಡನೆಯದು ಹಾಗೆ ಉಳಿಯಲಿಲ್ಲ. ಕ್ರೇಪೆಲಿನ್ ಅವರ ಬದುಕನ್ನು ಇಂದು ಮತ್ತೆ ನೋಡಬೇಕಾದ ಕಾರಣ ಈ ವ್ಯತ್ಯಾಸದಲ್ಲಿಯೇ ಇದೆ.

ನಟನ ಮಗ, ಪ್ರಯೋಗಶಾಲೆಯ ಶಿಷ್ಯ

ಕ್ರೇಪೆಲಿನ್ ಅವರ ತಂದೆ ಕಾರ್ಲ್ ರಂಗಭೂಮಿಯವರು. ಗಾಯಕರಾಗಿ, ನಟರಾಗಿ ಹೆಸರು ಮಾಡಿ, ಮುಂದೆ ಊರೂರು ತಿರುಗಿ ಸಾಹಿತ್ಯಕೃತಿಗಳನ್ನು ಓದಿ ಜನರನ್ನು ರಂಜಿಸುತ್ತಿದ್ದರು. ತಂದೆಯ ಹೆಸರನ್ನೇ ಹೊತ್ತ ಅಣ್ಣ ಕಾರ್ಲ್ ಜೀವಶಾಸ್ತ್ರಜ್ಞರು. ಗಿಡ, ಕೀಟಗಳನ್ನು ಜಾತಿವಾರು ವಿಂಗಡಿಸುವ ಅಣ್ಣನ ಅಭ್ಯಾಸ ತಮ್ಮನ ಮೇಲೂ ಪ್ರಭಾವ ಬೀರಿತು. ಮುಂದೆ ತಮ್ಮ ವಿಂಗಡಿಸಿದ್ದು ಮನುಷ್ಯರ ಮನೋರೋಗಗಳನ್ನು.

ಲೈಪ್‌ಜಿಗ್ ಮತ್ತು ವ್ಯೂರ್ಟ್ಸ್‌ಬರ್ಗ್‌ಗಳಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದಾಗಲೇ ಕ್ರೇಪೆಲಿನ್ ಅವರನ್ನು ಸೆಳೆದದ್ದು ಮನಸ್ಸಿನ ವಿಚಾರ. ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಪ್ರಾಧ್ಯಾಪಕರು 1879ರಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯೊಂದನ್ನು ಆರಂಭಿಸಿದ್ದರು. ಮನಸ್ಸನ್ನು ತತ್ತ್ವಶಾಸ್ತ್ರದ ಜಿಜ್ಞಾಸೆಗೆ ಮಾತ್ರ ಬಿಡದೆ ಗಡಿಯಾರ ಹಿಡಿದು ಅಳೆಯಬಹುದು ಎಂಬುದು ಅವರ ವಾದವಾಗಿತ್ತು. ಕ್ರೇಪೆಲಿನ್ ಜೀವಮಾನದ ಕೊನೆಯವರೆಗೂ ವುಂಟ್ ಅವರನ್ನೇ ಗುರುವೆಂದು ಭಾವಿಸಿದರು.

ವೈದ್ಯ ಪದವಿ ಪಡೆದ ಬಳಿಕ ಅವರು ಮ್ಯೂನಿಕ್‌ನಲ್ಲಿ ಬರ್ನ್‌ಹಾರ್ಡ್ ಫಾನ್ ಗುಡೆನ್ ಅವರ ಆಸ್ಪತ್ರೆಯಲ್ಲಿ ಸಹಾಯಕರಾದರು. ಬವೇರಿಯದ ದೊರೆ ಎರಡನೆಯ ಲುಡ್ವಿಗ್‌ನನ್ನು ಮನೋರೋಗಿ ಎಂದು ಘೋಷಿಸಿ, 1886ರಲ್ಲಿ ಆ ದೊರೆಯ ಜೊತೆಯಲ್ಲೇ ಸರೋವರದಲ್ಲಿ ಶವವಾಗಿ ಸಿಕ್ಕ ಗುಡೆನ್ ಇವರೇ. ಅಷ್ಟರಲ್ಲಿ ಕ್ರೇಪೆಲಿನ್ ಅಲ್ಲಿಂದ ಹೊರಬಿದ್ದಿದ್ದರು.

ನಡುವೆ 1882ರಲ್ಲಿ ಲೈಪ್‌ಜಿಗ್‌ನ ಪಾಲ್ ಫ್ಲೆಕ್ಸಿಗ್ ಅವರ ಚಿಕಿತ್ಸಾಲಯ ಸೇರಿದ ಕ್ರೇಪೆಲಿನ್, ಕೆಲವೇ ತಿಂಗಳಲ್ಲಿ ಕೆಲಸ ಕಳೆದುಕೊಂಡರು. ಫ್ಲೆಕ್ಸಿಗ್ ಅವರಿಗೆ ಮಿದುಳನ್ನು ಕೊಯ್ದು ನೋಡುವುದೇ ವಿಜ್ಞಾನ. ಕ್ರೇಪೆಲಿನ್ ಅವರ ಒಲವು ವುಂಟ್ ಅವರ ಪ್ರಯೋಗಶಾಲೆಯ ಕಡೆಗೆ. ಕೈಯಲ್ಲಿ ಕಾಸಿಲ್ಲ, ಬಾಲ್ಯದ ಗೆಳತಿ ಈನಾ ಶ್ವಾಬೆಯೊಂದಿಗೆ ನಿಶ್ಚಯವಾದ ಮದುವೆ ವರ್ಷಗಳಿಂದ ಮುಂದಕ್ಕೆ ಹೋಗುತ್ತಲೇ ಇತ್ತು. ಆಗ ವುಂಟ್ ಅವರ ಸಲಹೆಯಂತೆ ಕ್ರೇಪೆಲಿನ್ ಮನೋವೈದ್ಯಶಾಸ್ತ್ರದ ಕೈಪಿಡಿಯೊಂದನ್ನು ಬರೆದು 1883ರಲ್ಲಿ ಪ್ರಕಟಿಸಿದರು. ಮರುವರ್ಷ ಮದುವೆಯೂ ನಡೆಯಿತು. ಸಂಸಾರದ ಅಗತ್ಯಕ್ಕಾಗಿ ಹುಟ್ಟಿದ ಆ ಸಣ್ಣ ಪುಸ್ತಕವು ಪರಿಷ್ಕರಣೆಗೊಳ್ಳುತ್ತ ಎಂಟನೆಯ ಆವೃತ್ತಿಯ ಹೊತ್ತಿಗೆ ನಾಲ್ಕು ಸಂಪುಟಗಳಾಗಿ ಬೆಳೆದು, ಜಗತ್ತಿನ ಮನೋವೈದ್ಯರ ಪಠ್ಯವಾಯಿತು.

ಭಾಷೆ ಬಾರದ ವೈದ್ಯ

1886ರಲ್ಲಿ, 30ನೆಯ ವಯಸ್ಸಿನಲ್ಲೇ, ಕ್ರೇಪೆಲಿನ್ ಡೋರ್ಪಾಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಇಂದು ಎಸ್ಟೋನಿಯಾ ದೇಶದ ತಾರ್ತು ಎಂದು ಕರೆಯಲಾಗುವ ಆ ಊರು ಅಂದು ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿತ್ತು. ಅಧ್ಯಾಪಕರ ಭಾಷೆ ಜರ್ಮನ್, ಸರ್ಕಾರದ ಭಾಷೆ ರಷ್ಯನ್, ರೋಗಿಗಳಲ್ಲಿ ಬಹುಪಾಲು ಜನರ ಮಾತು ಎಸ್ಟೋನಿಯನ್. ದುಭಾಷಿಗಳ ನೆರವಿಲ್ಲದೆ ಪ್ರಾಧ್ಯಾಪಕರಿಗೆ ತಮ್ಮ ರೋಗಿಯ ಒಂದು ಮಾತೂ ತಿಳಿಯುತ್ತಿರಲಿಲ್ಲ.

ಮನೋವೈದ್ಯನಿಗೆ ರೋಗಿಯ ಮಾತೇ ನಾಡಿ. ಅದು ಕೈಗೆ ಸಿಗದೆ ಹೋದಾಗ ಕ್ರೇಪೆಲಿನ್ ಹೊರಗಿನಿಂದ ಕಾಣುವುದನ್ನು, ಅಳೆಯಲು ಬರುವುದನ್ನು ಇನ್ನಷ್ಟು ನೆಚ್ಚಿಕೊಂಡರು. ರೋಗ ಯಾವ ವಯಸ್ಸಿನಲ್ಲಿ ಶುರುವಾಯಿತು, ಹೇಗೆ ನಡೆಯಿತು, ಎಲ್ಲಿಗೆ ಹೋಗಿ ನಿಂತಿತು ಎಂಬುದಕ್ಕೆ ಅವರು ಮುಂದೆ ಕೊಟ್ಟ ಮಹತ್ವಕ್ಕೆ ಡೋರ್ಪಾಟ್‌ನ ಈ ಮೌನವೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ.

ಬ್ರಿಟಿಷರ ಕಾಲದ ಧಾರವಾಡವೂ ಇಂಥದ್ದೇ ಸ್ಥಿತಿಯಲ್ಲಿತ್ತು. ಆಗ ಅದು ಮುಂಬಯಿ ಪ್ರಾಂತದ ಭಾಗ. ಮೇಲಧಿಕಾರಿಗಳ ಭಾಷೆ ಇಂಗ್ಲಿಷ್, ಕಚೇರಿ ಮತ್ತು ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯ, ರೋಗಿಯ ನೋವು ಕನ್ನಡದ್ದು. 1858ರ ಹಾಗೂ 1912ರ ಕಾಯ್ದೆಗಳು ಇಂಥ ಆಶ್ರಯಾಲಯಗಳನ್ನು ನೋಡಿಕೊಂಡದ್ದು ಮುಖ್ಯವಾಗಿ ರೋಗಿಯನ್ನು ಸಮಾಜದಿಂದ ಬೇರೆ ಇಡುವ ಏರ್ಪಾಡಾಗಿ. ಜನರೂ ಅದನ್ನು ಹುಚ್ಚರ ಆಸ್ಪತ್ರೆ ಎಂದೇ ಕರೆದರು. ಒಳಗೆ ಹೋದವನು ಹೊರಗೆ ಬರುವನೆಂಬ ನಿರೀಕ್ಷೆ ಯುರೋಪಿನಲ್ಲೂ ಕಡಿಮೆಯಿತ್ತು, ಇಲ್ಲಿಯೂ ಕಡಿಮೆಯಿತ್ತು.

ಕಾರ್ಡುಗಳ ಕಪಾಟು

1891ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದ ಕ್ರೇಪೆಲಿನ್ ಅಲ್ಲಿ ತಮ್ಮ ಬದುಕಿನ ಮುಖ್ಯ ಕೆಲಸಕ್ಕೆ ಕೈಹಾಕಿದರು. ಪ್ರತಿಯೊಬ್ಬ ರೋಗಿಗೂ ಒಂದು ಕಾರ್ಡು. ಹೆಸರು, ವಯಸ್ಸು, ಮನೆತನ, ರೋಗದ ಆರಂಭ, ಲಕ್ಷಣ, ಕೊನೆಯ ಸ್ಥಿತಿ, ಎಲ್ಲವೂ ಅದರಲ್ಲಿ ಅಡಕ. ಹಾಸಿಗೆಗಳ ಕೊರತೆಯಿಂದ ರೋಗಿಗಳನ್ನು ಬೇರೆ ಆಶ್ರಯಾಲಯಗಳಿಗೆ ಕಳುಹಿಸಿದ ಮೇಲೂ ಅವರು ಬಿಡಲಿಲ್ಲ. ವರ್ಷಗಳ ಬಳಿಕ ವಿಚಾರಿಸಿ, ಹೋಗಿ ನೋಡಿ, ಕಾರ್ಡಿನಲ್ಲಿ ಹೊಸ ಸಾಲು ಸೇರಿಸುತ್ತಿದ್ದರು. ರಜೆಗೆ ಹೋಗುವಾಗಲೂ ಕಾರ್ಡುಗಳ ಕಟ್ಟು ಅವರ ಜೊತೆಗಿರುತ್ತಿತ್ತು.

ಆ ವರೆಗೆ ಮನೋರೋಗಗಳಿಗೆ ಹೆಸರುಗಳಿಗೇನೂ ಕೊರತೆಯಿರಲಿಲ್ಲ. ಫ್ರಾನ್ಸಿನ ಮೊರೆಲ್ ಎಂಬ ವೈದ್ಯರು, ಓದಿನಲ್ಲಿ ಮುಂದಿದ್ದ ಹುಡುಗನೊಬ್ಬ ಹರೆಯದ ಹೊಸ್ತಿಲಲ್ಲಿ ಮಂಕಾಗಿ ಹೋದ ಪ್ರಕರಣವನ್ನು ವರ್ಣಿಸಿ, ಅದನ್ನು ಅಕಾಲದ ಬುದ್ಧಿನಾಶ ಎಂದು ಕರೆದಿದ್ದರು. ಜರ್ಮನಿಯ ಹೆಕರ್ 1871ರಲ್ಲಿ ಹರೆಯದವರ ಅಸಂಬದ್ಧ ನಡವಳಿಕೆಯ ರೋಗವನ್ನೂ, ಕಾಲ್‌ಬೌಮ್ 1874ರಲ್ಲಿ ದೇಹ ಮರಗಟ್ಟಿದಂತಾಗುವ ರೋಗವನ್ನೂ ಬೇರೆಬೇರೆಯಾಗಿ ವಿವರಿಸಿದ್ದರು. ಸಂಶಯದ ಭ್ರಾಂತಿಗಳು ಮತ್ತೊಂದು ಹೆಸರಿನಲ್ಲಿದ್ದವು.

ಕ್ರೇಪೆಲಿನ್ ಈ ಮೂರನ್ನೂ ಒಂದೇ ರೋಗದ ಮೂರು ಮುಖಗಳೆಂದು ಕಂಡರು. ಆರಂಭ ಎಷ್ಟೇ ಭಿನ್ನವಾಗಿರಲಿ, ಕಾರ್ಡುಗಳ ಕೊನೆಯ ಸಾಲು ಬಹುಮಟ್ಟಿಗೆ ಒಂದೇ ಆಗಿತ್ತು. ಭಾವ ಬತ್ತಿದೆ, ಗಮನ ನಿಲ್ಲದು, ಕೆಲಸಕ್ಕೆ ಮನಸ್ಸು ಏಳದು. 1893ರ ಆವೃತ್ತಿಯಲ್ಲಿ ಚಿಕ್ಕದಾಗಿ ಕಾಣಿಸಿಕೊಂಡ ಈ ವಿಚಾರ 1899ರ ಆರನೆಯ ಆವೃತ್ತಿಯಲ್ಲಿ ಪೂರ್ಣರೂಪ ಪಡೆಯಿತು. ಒಂದು ಕಡೆ ಡಿಮೆನ್ಷಿಯಾ ಪ್ರೀಕಾಕ್ಸ್, ಅಂದರೆ ಅಕಾಲಿಕ ಬುದ್ಧಿಕ್ಷಯ. ಇನ್ನೊಂದು ಕಡೆ ಉನ್ಮಾದ ಮತ್ತು ಖಿನ್ನತೆಗಳು ಬಂದುಹೋಗುವ, ನಡುನಡುವೆ ಮನಸ್ಸು ತಿಳಿಯಾಗುವ ರೋಗ. ಮೊದಲನೆಯದು ಇಂದಿನ ಸ್ಕಿಜೋಫ್ರೀನಿಯಾ. ಎರಡನೆಯದರ ಮುಖ್ಯ ಭಾಗ ಇಂದಿನ ಬೈಪೋಲಾರ್ ಕಾಯಿಲೆ. ಮನೋವೈದ್ಯಶಾಸ್ತ್ರದ ಅತಿ ದೊಡ್ಡ ಗಡಿರೇಖೆ ಬಿದ್ದದ್ದು ಹೀಗೆ.

ರೋಗದ ಹೆಸರು ಅದರ ಕೊನೆಯನ್ನು ಮೊದಲೇ ಸಾರುತ್ತಿತ್ತು. 18 ವರ್ಷದ ಹುಡುಗನಿಗೆ ಆ ಹೆಸರು ಇಟ್ಟರೆ, ಅವನ ಬುದ್ಧಿ ಮುಂದೆ ಬತ್ತುತ್ತದೆ ಎಂದು ಮನೆಯವರಿಗೆ ಹೇಳಿದಂತೆಯೇ ಆಯಿತು. ರೋಗನಿರ್ಣಯವೇ ಹಣೆಬರಹವಾಯಿತು.

ಕೂಡುವ ಲೆಕ್ಕದ ಪರೀಕ್ಷೆ

ವಾರ್ಡಿನಲ್ಲಿ ಬುದ್ಧಿ ಕುಂದುವುದನ್ನು ಬರೆದಿಡುತ್ತಿದ್ದ ಅದೇ ವೈದ್ಯರು, ಪಕ್ಕದ ಪ್ರಯೋಗಶಾಲೆಯಲ್ಲಿ ಬುದ್ಧಿ ಹೇಗೆ ಕಲಿಯುತ್ತದೆ ಎಂಬುದನ್ನು ಅಳೆಯುತ್ತಿದ್ದರು. ಅವರ ಸಲಕರಣೆ ಅತಿ ಸರಳ. ಒಂದಂಕಿಯ ಸಂಖ್ಯೆಗಳ ಸಾಲು, ಒಂದು ಪೆನ್ಸಿಲ್, ಹೊತ್ತು ತಿಳಿಸಲು ಒಂದು ಗಂಟೆ. ಪಕ್ಕಪಕ್ಕದ ಅಂಕಿಗಳನ್ನು ಬಿಡದೆ ಕೂಡುತ್ತ ಹೋಗಬೇಕು. ನಿರ್ದಿಷ್ಟ ಹೊತ್ತಿಗೆ ಎಷ್ಟು ಲೆಕ್ಕ ಮುಗಿದವು ಎಂಬುದನ್ನು ಗುರುತು ಹಾಕಿದರೆ ಏರಿಳಿತದ ಒಂದು ರೇಖೆ ದೊರೆಯುತ್ತದೆ. ಇದಕ್ಕೆ ಅವರು ಕೆಲಸದ ರೇಖೆ ಎಂದು ಹೆಸರಿಟ್ಟರು.

ಆ ರೇಖೆಯಲ್ಲಿ ಅವರು ಕಂಡದ್ದು ಎರಡು ಎದುರಾಳಿ ಶಕ್ತಿಗಳನ್ನು. ಅಭ್ಯಾಸ ರೇಖೆಯನ್ನು ಮೇಲಕ್ಕೆ ಒಯ್ಯುತ್ತದೆ, ದಣಿವು ಕೆಳಕ್ಕೆ ಎಳೆಯುತ್ತದೆ. ನಡುವೆ ತಕ್ಕಷ್ಟು ವಿಶ್ರಾಂತಿ ಕೊಟ್ಟರೆ ದಣಿವು ತೊಲಗುತ್ತದೆ, ಅಭ್ಯಾಸದ ಫಲ ಬಹುಪಾಲು ಉಳಿಯುತ್ತದೆ. ಕಾಫಿ, ಚಹಾ, ಮದ್ಯಗಳು ಈ ರೇಖೆಯನ್ನು ಹೇಗೆ ಬದಲಿಸುತ್ತವೆ ಎಂಬುದನ್ನೂ ಅವರು ಪರೀಕ್ಷಿಸಿದರು. ಶಾಲೆಗಳಲ್ಲಿ ಬಿಡುವಿಲ್ಲದ ಪಾಠಗಳಿಂದ ಮಕ್ಕಳ ಮನಸ್ಸು ಬಳಲುತ್ತದೆ ಎಂದು 1890ರ ದಶಕದಲ್ಲೇ ವಾದಿಸಿದರು. ಜಪಾನಿನಲ್ಲಿ ಈ ಕೂಡುವ ಪರೀಕ್ಷೆಯ ಪರಿಷ್ಕೃತ ರೂಪವೊಂದು ಉಚಿಡಾ-ಕ್ರೇಪೆಲಿನ್ ಪರೀಕ್ಷೆ ಎಂಬ ಹೆಸರಿನಲ್ಲಿ ನೌಕರರ ಆಯ್ಕೆಗೆ ಬಳಕೆಯಾಗುತ್ತ ಬಂದಿದೆ.

ದಣಿವು ಮತ್ತು ವಿಶ್ರಾಂತಿಯ ಈ ಪ್ರಯೋಗಗಳಲ್ಲಿ ಇಂಗ್ಲೆಂಡಿನ ಡಬ್ಲ್ಯು.ಎಚ್.ಆರ್. ರಿವರ್ಸ್ ಎಂಬ ತರುಣ ವೈದ್ಯರೂ ಹೈಡೆಲ್‌ಬರ್ಗ್‌ನಲ್ಲಿ ಅವರೊಡನೆ ಕೆಲಸ ಮಾಡಿದರು. ಇದೇ ರಿವರ್ಸ್ ಮುಂದೆ 1901-02ರಲ್ಲಿ ನೀಲಗಿರಿಗೆ ಬಂದು ತೋಡ ಜನಾಂಗದ ನಡುವೆ ಅಧ್ಯಯನ ನಡೆಸಿ, 1906ರಲ್ಲಿ ಅವರ ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದರು.

ಅಭ್ಯಾಸ ಮತ್ತು ವಿಶ್ರಾಂತಿಗಳಿಂದ ಮನಸ್ಸಿನ ಸಾಮರ್ಥ್ಯ ಹೆಚ್ಚುತ್ತದೆ ಎಂಬುದಕ್ಕೆ ಕ್ರೇಪೆಲಿನ್ ಅವರ ಬಳಿಯೇ ಸಾಕ್ಷ್ಯವಿತ್ತು. ಈ ರೋಗದ ತರುಣರಿಗೂ ಅದನ್ನು ಔಷಧವಾಗಿ ಕೊಡಬಹುದೆಂಬ ಯೋಚನೆ ಮಾತ್ರ ಅವರ ಪಠ್ಯದಲ್ಲಿ ಬಲವಾಗಿ ಬೇರೂರಲಿಲ್ಲ.

ಮ್ಯೂನಿಕ್‌ನ ವೈಭವ, ಜಾವಾದ ಪ್ರವಾಸ

1903ರಲ್ಲಿ ಮ್ಯೂನಿಕ್ ವಿಶ್ವವಿದ್ಯಾಲಯ ಅವರನ್ನು ಕರೆಸಿಕೊಂಡಿತು. ಮರುವರ್ಷ ಅಲ್ಲಿ ಹೊಸ ಮನೋವೈದ್ಯ ಚಿಕಿತ್ಸಾಲಯ ಬಾಗಿಲು ತೆರೆಯಿತು. ಸಹೋದ್ಯೋಗಿಯಾಗಿ ಬಂದವರಲ್ಲಿ ಆಲೊಯಿಸ್ ಅಲ್ಝೈಮರ್ ಒಬ್ಬರು. ಮರೆವಿನ ರೋಗದಿಂದ ನರಳಿದ ಮಹಿಳೆಯೊಬ್ಬರ ಮಿದುಳಿನಲ್ಲಿ ಅವರು ಕಂಡ ಬದಲಾವಣೆಗಳನ್ನು ಆಧರಿಸಿ, 1910ರಲ್ಲಿ ತಮ್ಮ ಪಠ್ಯಪುಸ್ತಕದಲ್ಲಿ ಆ ರೋಗವನ್ನು ಅಲ್ಝೈಮರ್ ಕಾಯಿಲೆ ಎಂದು ಕರೆದವರು ಕ್ರೇಪೆಲಿನ್. ಆ ಹೆಸರು ಇಂದು ಮನೆಮಾತು. ಹೆಸರಿಟ್ಟವರನ್ನು ಮಾತ್ರ ಜನ ಮರೆತಿದ್ದಾರೆ.

ಬಿಯರಿನ ತವರಾದ ಮ್ಯೂನಿಕ್‌ನಲ್ಲಿ ಕ್ರೇಪೆಲಿನ್ ಮದ್ಯವಿರೋಧಿ ಪ್ರಚಾರಕ್ಕೂ ಹೆಸರಾದರು. 1890ರ ದಶಕದಲ್ಲೇ ಮದ್ಯವನ್ನು ತ್ಯಜಿಸಿದ್ದ ಅವರು ಚಿಕಿತ್ಸಾಲಯದಲ್ಲಿ ಅದರ ಬದಲು ನಿಂಬೆ ಪಾನಕವನ್ನು ಜಾರಿಗೆ ತಂದರು. ಊರಿನ ಜನ ಆ ಪಾನಕಕ್ಕೆ ಅವರ ಹೆಸರನ್ನೇ ಇಟ್ಟು ನಕ್ಕರು.

1903ರ ಕೊನೆಯಲ್ಲಿ ಅವರು ಅಣ್ಣ ಕಾರ್ಲ್ ಜೊತೆ ಜಾವಾ ದ್ವೀಪಕ್ಕೆ ಪ್ರಯಾಣ ಬೆಳೆಸಿದರು. ಡಚ್ಚರ ಆಡಳಿತದಲ್ಲಿದ್ದ ಬಾಯ್ಟೆನ್‌ಜೋರ್ಗ್ ಎಂಬಲ್ಲಿ, ಅಂದರೆ ಇಂದಿನ ಇಂಡೋನೇಷ್ಯಾದ ಬೋಗೋರ್‌ನಲ್ಲಿ, ದೊಡ್ಡ ಮನೋರೋಗ ಆಶ್ರಯಾಲಯವಿತ್ತು. ತಾವು ಹೈಡೆಲ್‌ಬರ್ಗ್‌ನಲ್ಲಿ ಗುರುತಿಸಿದ ರೋಗ ಏಷ್ಯಾದ ಜನರಲ್ಲೂ ಇದೆಯೇ ಎಂಬುದು ಅವರ ಪ್ರಶ್ನೆ. ಇದೆ ಎಂಬ ಉತ್ತರ ದೊರೆಯಿತು. ಆದರೆ ಲಕ್ಷಣಗಳ ಹದ ಬೇರೆ. ದನಿಗಳು ಕೇಳಿಸುವುದು ಅಲ್ಲಿ ಕಡಿಮೆ ಎಂದು ಅವರು ದಾಖಲಿಸಿದರು. ವಿವಿಧ ಜನಸಮುದಾಯಗಳ ಮನೋರೋಗಗಳನ್ನು ಹೋಲಿಸಿ ನೋಡುವ ಅಧ್ಯಯನಕ್ಕೆ ಈ ಪ್ರವಾಸ ನಾಂದಿಯಾಯಿತು. ಭಾಷೆ ಬಾರದ ಸಮಸ್ಯೆ ಮಾತ್ರ ಡೋರ್ಪಾಟ್‌ನಿಂದ ಜಾವಾದವರೆಗೂ ಅವರ ಬೆನ್ನು ಬಿಡಲಿಲ್ಲ.

ಮಾಸದ ಕಲೆ

ಕ್ರೇಪೆಲಿನ್ ಅವರ ಬದುಕಿನಲ್ಲಿ ಮುಚ್ಚಿಡಲಾಗದ ಕಲೆಯೊಂದಿದೆ. ನಾಗರಿಕತೆ ಬೆಳೆದಂತೆ ಜನಾಂಗದ ಶಕ್ತಿ ಕುಂದುತ್ತದೆ, ಮನೋರೋಗ ತಲೆಮಾರಿನಿಂದ ತಲೆಮಾರಿಗೆ ಇಳಿದು ಹದಗೆಡಿಸುತ್ತದೆ ಎಂಬ ವಾದಕ್ಕೆ ಅವರು ಬಲವಾಗಿ ಅಂಟಿಕೊಂಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಉಗ್ರ ರಾಷ್ಟ್ರೀಯವಾದದ ಪಕ್ಷ ವಹಿಸಿದರು. ಯಹೂದಿಗಳ ಕುರಿತ ಅವರ ಬರಹಗಳಲ್ಲಿ ಪೂರ್ವಗ್ರಹವಿತ್ತು.

1917ರಲ್ಲಿ ಅವರು ಮ್ಯೂನಿಕ್‌ನಲ್ಲಿ ಸ್ಥಾಪಿಸಿದ ಮನೋವೈದ್ಯ ಸಂಶೋಧನಾ ಸಂಸ್ಥೆಗೆ ಉದಾರವಾಗಿ ಹಣ ನೀಡಿದವರು ಜೇಮ್ಸ್ ಲೋಬ್. ಅವರು ಯಹೂದಿ ಮನೆತನದವರು, ಸ್ವತಃ ಮನೋವ್ಯಥೆಯಿಂದ ಬಳಲಿದವರು. ಇಂದು ಮ್ಯಾಕ್ಸ್ ಪ್ಲಾಂಕ್ ಮನೋವೈದ್ಯ ಸಂಸ್ಥೆಯಾಗಿರುವುದು ಇದೇ.

ಆ ಸಂಸ್ಥೆಯಲ್ಲಿ ಅನುವಂಶೀಯತೆಯ ವಿಭಾಗವನ್ನು ನೋಡಿಕೊಂಡ ಶಿಷ್ಯ ಎರ್ನ್‌ಸ್ಟ್ ರೂಡಿನ್, ನಾಜಿ ಆಡಳಿತದ 1933ರ ಬಲವಂತದ ಸಂತಾನಹರಣ ಕಾನೂನಿಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ಒಬ್ಬರಾದರು. ಆ ಕಾನೂನಿನ ಪಟ್ಟಿಯಲ್ಲಿ ಸ್ಕಿಜೋಫ್ರೀನಿಯಾದ ಹೆಸರಿತ್ತು. 1940-41ರಲ್ಲಿ ನಾಜಿಗಳು ಆಸ್ಪತ್ರೆಗಳಿಂದ ಸಾಗಿಸಿ ವಿಷಾನಿಲದಿಂದ ಕೊಂದ ರೋಗಿಗಳು ಮತ್ತು ಅಂಗವಿಕಲರ ಸಂಖ್ಯೆ ಸುಮಾರು 70 ಸಾವಿರ. ಆ ಹೊತ್ತಿಗೆ ಕ್ರೇಪೆಲಿನ್ ತೀರಿಕೊಂಡು 14 ವರ್ಷ ಕಳೆದಿತ್ತು. ಕೊಲೆಯ ಹೊಣೆಯನ್ನು ಅವರ ಮೇಲೆ ಹೊರಿಸಲಾಗದು. ಆದರೆ ರೋಗಿಯನ್ನು ವಾಸಿಯಾಗದವನೆಂದು ಬರೆದಿಟ್ಟ ಶಾಸ್ತ್ರವು, ರೋಗಿಯನ್ನು ಬದುಕಲು ಬೇಡದವನೆಂದು ಬಗೆದ ರಾಜಕೀಯಕ್ಕೆ ಎಷ್ಟು ಸುಲಭವಾಗಿ ಒದಗಿತು ಎಂಬುದು ಮರೆಯುವ ಮಾತಲ್ಲ.

ತಮ್ಮದೇ ಗೆರೆಯನ್ನು ಮರಳಿ ನೋಡಿದ್ದು

ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ ಈ ರೋಗದ ಹೆಸರನ್ನು ಮೊದಲು ಪ್ರಶ್ನಿಸಿದವರಲ್ಲಿ ಪ್ರಮುಖರು. ಬ್ಲಾಯ್ಲರ್ ರೋಗಿಗಳ ಭಾಷೆಯನ್ನು ಬಲ್ಲವರು, ಅವರ ನಡುವೆಯೇ ವಾಸವಿದ್ದವರು. ಎಲ್ಲರ ಬುದ್ಧಿಯೂ ಕ್ಷಯಿಸುವುದಿಲ್ಲ, ಎಲ್ಲರಿಗೂ ಹರೆಯದಲ್ಲೇ ರೋಗ ಆರಂಭವಾಗುವುದೂ ಇಲ್ಲ ಎಂದು ತೋರಿಸಿ ಅವರು 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಪದವನ್ನು ಮುಂದಿಟ್ಟರು. 1911ರ ಅವರ ಗ್ರಂಥದ ಬಳಿಕ ಹೊಸ ಹೆಸರೇ ನಿಂತಿತು.

ಕ್ರೇಪೆಲಿನ್ ಕೂಡ ಕಲ್ಲಿನಂತೆ ಕುಳಿತವರಲ್ಲ. 1909ರಿಂದ 1915ರವರೆಗೆ ಹೊರಬಂದ ಎಂಟನೆಯ ಆವೃತ್ತಿಯಲ್ಲಿ, ತಮ್ಮ ರೋಗಿಗಳಲ್ಲಿ ಒಂದು ಭಾಗ ಚೇತರಿಸಿಕೊಂಡದ್ದನ್ನು ಒಪ್ಪಿಕೊಂಡರು. ರೋಗ ಬರುವ ಮೊದಲೇ, ಬಾಲ್ಯದಿಂದಲೇ, ಹಲವರು ಮೌನಿಗಳಾಗಿ, ಒಂಟಿಯಾಗಿ ಇದ್ದುದನ್ನೂ ಗಮನಿಸಿದ್ದರು. 1920ರ ಲೇಖನವೊಂದರಲ್ಲಿ ತಾವು ಎಳೆದ ಗಡಿರೇಖೆ ಎಲ್ಲ ರೋಗಿಗಳಿಗೂ ಸ್ಪಷ್ಟವಾಗಿ ಹೊಂದದು ಎಂದು ತಾವೇ ಬರೆದರು. ಪಠ್ಯಪುಸ್ತಕಗಳು ಮಾತ್ರ ಗೆರೆಯನ್ನು ಉಳಿಸಿಕೊಂಡವು, ಗುರುವಿನ ಸಂಶಯವನ್ನು ಬಿಟ್ಟವು.

1922ರಲ್ಲಿ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾದ ಮೇಲೂ ಅವರು ಸಂಶೋಧನೆ ಬಿಡಲಿಲ್ಲ. ಎಳವೆಯಲ್ಲೇ ಮಕ್ಕಳನ್ನು ಕಳೆದುಕೊಂಡ ದುಃಖ ಕಂಡಿದ್ದ ಅವರು ಗುಟ್ಟಾಗಿ ಕವಿತೆಗಳನ್ನು ಬರೆಯುತ್ತಿದ್ದರು. ಕೊನೆಯ ವರ್ಷಗಳಲ್ಲಿ ಬೌದ್ಧ ಚಿಂತನೆ ಅವರನ್ನು ಸೆಳೆಯಿತು. ಬೌದ್ಧ ಕ್ಷೇತ್ರಗಳ ದರ್ಶನಕ್ಕೆ ಹೊರಡುವ ಯೋಜನೆಯಲ್ಲಿದ್ದರೆಂದು ಅವರ ಮಗಳು ತಿಳಿಸಿದ್ದಾರೆ. ಅದು ಕೈಗೂಡಲಿಲ್ಲ. 1926ರ ಅಕ್ಟೋಬರ್ 7ರಂದು ಮ್ಯೂನಿಕ್‌ನಲ್ಲಿ ನಿಧನರಾದ ಅವರ ಸಮಾಧಿ ಇರುವುದು ಹೈಡೆಲ್‌ಬರ್ಗ್‌ನಲ್ಲಿ.

ಕುಸಿತವೋ, ಹಿಂದುಳಿದ ಬೆಳವಣಿಗೆಯೋ

ಕ್ರೇಪೆಲಿನ್ ಬಿಟ್ಟುಹೋದ ಪ್ರಶ್ನೆ ಇದು: ಹರೆಯದಲ್ಲಿ ರೋಗ ಕಾಣಿಸಿಕೊಂಡವರ ಅರಿವಿನ ಶಕ್ತಿ ಚೆನ್ನಾಗಿ ಬೆಳೆದು ಆಮೇಲೆ ಕುಸಿಯುತ್ತದೆಯೇ, ಅಥವಾ ಮೊದಲಿನಿಂದಲೇ ಬೇರೆ ವೇಗದಲ್ಲಿ ಬೆಳೆಯುತ್ತದೆಯೇ? ಉತ್ತರ ಸಿಗಬೇಕಾದರೆ ರೋಗ ಬರುವ ಮುನ್ನವೇ ಮಕ್ಕಳನ್ನು ಅಳೆದಿರಬೇಕು. ಕ್ರೇಪೆಲಿನ್ ಕಾರ್ಡುಗಳು ಆರಂಭವಾಗುತ್ತಿದ್ದುದು ಆಸ್ಪತ್ರೆಯ ಬಾಗಿಲಿನಿಂದ.

ನ್ಯೂಜಿಲೆಂಡಿನ ಡನೀಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ವಿಜ್ಞಾನಿಗಳು ಬಾಲ್ಯದಿಂದಲೇ ಅನುಸರಿಸಿಕೊಂಡು ಬಂದರು. 7ರಿಂದ 13ರ ವಯಸ್ಸಿನ ನಡುವೆ ಮತ್ತೆ ಮತ್ತೆ ಬುದ್ಧಿಪರೀಕ್ಷೆ ನಡೆಸಿದ್ದರು. 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಹೊರಬಿದ್ದ ಚಿತ್ರ ಹೀಗಿತ್ತು. ಮುಂದೆ ಸ್ಕಿಜೋಫ್ರೀನಿಯಾ ಕಾಣಿಸಿಕೊಂಡವರು ಗುಂಪಾಗಿ ನೋಡಿದಾಗ, ಶಾಲೆ ಸೇರುವಾಗಲೇ ಮಾತಿನ ಮೂಲಕ ತರ್ಕಿಸುವುದರಲ್ಲಿ ತುಸು ಹಿಂದಿದ್ದರು. ಗಮನ, ಕ್ಷಣಕಾಲದ ನೆನಪು ಮತ್ತು ಆಲೋಚನೆಯ ವೇಗ ಅವರಲ್ಲೂ ಬೆಳೆಯುತ್ತಿದ್ದವು. ಆದರೆ ಓರಗೆಯವರಿಗಿಂತ ನಿಧಾನವಾಗಿ. ಅಂತರ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತ ಹೋಗಿತ್ತು. ಇದು ಗುಂಪಿನ ಸರಾಸರಿಯ ಮಾತು. ಓದಿನಲ್ಲಿ ಹಿಂದಿರುವ ಮಗುವಿಗೆ ಈ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ಪರೀಕ್ಷೆಗಳಲ್ಲಿ ಮೊದಲಿಗರಾಗಿದ್ದವರಿಗೂ ರೋಗ ಬಂದದ್ದುಂಟು.

ರೋಗ ಆರಂಭವಾದ ಬಳಿಕ ಕೆಲವರಲ್ಲಿ ಅರಿವಿನ ಶಕ್ತಿ ಮತ್ತಷ್ಟು ಇಳಿಯುತ್ತದೆ. ಅನೇಕರಲ್ಲಿ ಅದು ವರ್ಷಗಟ್ಟಲೆ ಸ್ಥಿರವಾಗಿ ನಿಲ್ಲುತ್ತದೆ. ಎಲ್ಲರ ಪಾಲಿಗೂ ಒಂದೇ ಕೊನೆ ಎಂಬುದು ಉಳಿದಿಲ್ಲ. ಕ್ರೇಪೆಲಿನ್ ಅವರಿಗೆ ಹಾಗೆ ಕಾಣಲು ಕಾರಣವನ್ನೂ ಸಂಖ್ಯಾಶಾಸ್ತ್ರಜ್ಞರು ಹೇಳಿದ್ದಾರೆ. ಗುಣವಾದವನು ಆಸ್ಪತ್ರೆಗೆ ಮರಳುವುದಿಲ್ಲ, ವಾಸಿಯಾಗದವನು ವರ್ಷಗಟ್ಟಲೆ ಎದುರಿಗೇ ಇರುತ್ತಾನೆ. ವಾರ್ಡಿನಲ್ಲಿ ನಿಂತು ಎಣಿಸುವ ವೈದ್ಯರಿಗೆ ರೋಗ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ. 1984ರಲ್ಲಿ ಇದಕ್ಕೆ ವೈದ್ಯರ ಭ್ರಮೆ ಎಂಬ ಹೆಸರೇ ಬಂತು.

ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದಲ್ಲಿ ಆರಂಭಿಸಿದ, ಭಾರತದ ಆಗ್ರಾ ಸೇರಿದಂತೆ ಒಂಬತ್ತು ದೇಶಗಳ ಅಧ್ಯಯನದಲ್ಲಿ ಆಗ್ರಾದ ರೋಗಿಗಳ ಚೇತರಿಕೆ ಯುರೋಪಿನ ಕೆಲವು ಕೇಂದ್ರಗಳಿಗಿಂತ ಉತ್ತಮವಾಗಿ ಕಂಡಿತು. ಅದರ ಕಾರಣಗಳ ಬಗ್ಗೆ ಇಂದಿಗೂ ವಾದವಿದೆ. ಕರ್ನಾಟಕದಲ್ಲಿ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ಮನೋರೋಗಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಔಷಧ ಕೊಡಬಹುದೆಂದು ತೋರಿಸಿತು. ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆದ ಅಧ್ಯಯನದಲ್ಲೂ ಚಿಕಿತ್ಸೆ ಮುಂದುವರಿಸಿದವರ ದೈನಂದಿನ ಅಸಾಮರ್ಥ್ಯ, ಬಿಟ್ಟವರಿಗಿಂತ ಕಡಿಮೆಯಿತ್ತು.

ಧಾರವಾಡದ ಹರೆಯ

ಈ ರೋಗ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ಹೆಣ್ಣುಮಕ್ಕಳಲ್ಲಿ ತುಸು ತಡವಾಗಿ. ಧಾರವಾಡಕ್ಕೆ ನಾಡಿನ ಮೂಲೆಮೂಲೆಯಿಂದ ಬರುವ ವಿದ್ಯಾರ್ಥಿಗಳ ವಯಸ್ಸೂ ಇದೇ. 1917ರ ಕರ್ನಾಟಕ ಕಾಲೇಜಿನಿಂದ 2016ರ ಐಐಟಿಯವರೆಗೆ, ಸಪ್ತಾಪುರದ ತರಬೇತಿ ಕೇಂದ್ರಗಳಿಂದ ಹುಬ್ಬಳ್ಳಿಯ ಕಿಮ್ಸ್‌ವರೆಗೆ, ಅವಳಿ ನಗರದ ಬಾಡಿಗೆ ಕೋಣೆಗಳಲ್ಲಿ, ವಸತಿನಿಲಯಗಳಲ್ಲಿ ಊರಿನಿಂದ ದೂರವಾಗಿ ಇರುವವರು ಈ ಹರೆಯದವರೇ. ಅಂಕಗಳು ಇದ್ದಕ್ಕಿದ್ದಂತೆ ಕುಸಿಯುವುದು, ಗೆಳೆಯರಿಂದ ದೂರ ಸರಿಯುವುದು, ರಾತ್ರಿ ನಿದ್ದೆ ಕೆಡುವುದು, ಕಾರಣವಿಲ್ಲದ ಸಂಶಯ ಮೂಡುವುದು, ಇವನ್ನು ಮನೆಯವರು ಸೋಮಾರಿತನವೆಂದೋ, ಗಾಳಿ ಸೋಕಿತೆಂದೋ ತಿಳಿದು ತಿಂಗಳುಗಟ್ಟಲೆ ಕಳೆಯುವುದುಂಟು. ಇಂಥ ಬದಲಾವಣೆಗಳಿಗೆ ಬೇರೆ ಕಾರಣಗಳೂ ಇರಬಹುದು. ರೋಗವೇ ಆಗಿದ್ದರೆ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣವಾಗುತ್ತದೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

1950ರ ದಶಕದಿಂದ ಬಳಕೆಗೆ ಬಂದ ಔಷಧಗಳು ದನಿಗಳನ್ನೂ ಭ್ರಾಂತಿಗಳನ್ನೂ ತಗ್ಗಿಸುತ್ತವೆ. ಗಮನ ಮತ್ತು ನೆನಪಿನ ಕೊರತೆಗೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದಕ್ಕೆ ಬೇಕಾದದ್ದು ಅಭ್ಯಾಸ. ಗಮನ, ನೆನಪು, ಯೋಜನೆಗಳನ್ನು ಹಂತಹಂತವಾಗಿ ತರಬೇತುಗೊಳಿಸುವ ವಿಧಾನವನ್ನು ವೃತ್ತಿ ತರಬೇತಿ ಮತ್ತು ಪುನರ್ವಸತಿಯೊಂದಿಗೆ ಕೂಡಿಸಿದಾಗ ಫಲ ಹೆಚ್ಚು. ಹೈಡೆಲ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ಕ್ರೇಪೆಲಿನ್ ಎಳೆದ ರೇಖೆಯ ಪಾಠವೂ ಇದೇ ಆಗಿತ್ತು. ದಣಿವಿಗೆ ಬಿಡುವು, ಅಭ್ಯಾಸಕ್ಕೆ ಅವಕಾಶ.

ಹೆಸರಿನ ಭಾರವನ್ನು ಇಳಿಸುವ ಕೆಲಸವೂ ನಡೆದಿದೆ. ಜಪಾನ್ 2002ರಲ್ಲಿ, ಒಡೆದ ಮನಸ್ಸಿನ ರೋಗ ಎಂಬ ಅರ್ಥದ ಹಳೆಯ ಹೆಸರನ್ನು ಕೈಬಿಟ್ಟು ಹೊಸ ಪದ ತಂದಿತು. ಕ್ರೇಪೆಲಿನ್ ಒಂದುಗೂಡಿಸಿದ ಮೂರು ಉಪವಿಧಗಳನ್ನು ಅಮೆರಿಕದ ಕೈಪಿಡಿ 2013ರಲ್ಲೂ, 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಕೈಬಿಟ್ಟಿವೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ರೋಗಿಯನ್ನು ಕೂಡಿಹಾಕಬೇಕಾದವನೆಂದು ಕಾಣದೆ ಹಕ್ಕುಳ್ಳವನೆಂದು ಕಾಣುತ್ತದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ದೊರೆಯುತ್ತದೆ. ರೋಗಿ ತನ್ನ ಭಾಷೆಯಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಹುದು, ಕೇಳುವವರಿಗೆ ಅದು ಅರ್ಥವಾಗುತ್ತದೆ. ಡೋರ್ಪಾಟ್‌ನ ತರುಣ ಪ್ರಾಧ್ಯಾಪಕರಿಗೂ ಅವರ ರೋಗಿಗಳಿಗೂ ಇಲ್ಲದಿದ್ದ ಅನುಕೂಲ ಇದು.